ಪುರಾಣದ ದೊಡ್ಡವರು ತಪ್ಪು ಮಾಡಿದಾಗ: ಓದುವವರಿಗೂ ಹೇಳುವವರಿಗೂ ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಬೆಳಗಿನ ಜಾವದವರೆಗೂ ಆಟ. ದುರ್ಯೋಧನ ರಂಗಕ್ಕೆ ಬಂದರೆ ಶಿಳ್ಳೆ, ಕರ್ಣ ಹಾಡಿದರೆ ಒನ್ಸ್ ಮೋರ್. ಮುಡಿ ಬಿಚ್ಚಿದ ದ್ರೌಪದಿ ಬಂದು ಸಭೆಯಲ್ಲಿ ನಡೆದದ್ದನ್ನು ನೆನೆಯುವಾಗ, ಮುಂದೆ ಚಾಪೆ ಮೇಲೆ ಕೂತ ಮಗು ಕೇಳುತ್ತದೆ: “ಅಜ್ಜಿ, ಧರ್ಮರಾಯ ಒಳ್ಳೇವನು ಅಂತೀಯ, ಮತ್ತೆ ಹೆಂಡ್ತೀನ ಯಾಕೆ ಜೂಜಿಗಿಟ್ಟ?” ಅಜ್ಜಿ “ದೊಡ್ಡೋರ ವಿಷ್ಯ, ಸುಮ್ನೆ ನೋಡು” ಅನ್ನುತ್ತಾಳೆ.

ಮಗು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ಮೊದಲು ಕೇಳಿದವಳು ದ್ರೌಪದಿಯೇ, ಅದೂ ತುಂಬಿದ ಸಭೆಯಲ್ಲಿ. ಮಹಾಭಾರತ ಆ ಪ್ರಶ್ನೆಯನ್ನು ಅಳಿಸದೆ ಇಟ್ಟುಕೊಂಡಿದೆ. ಹಾಗಿದ್ದ ಮೇಲೆ ನಾವು ಯಾಕೆ ಮಗುವಿನ ಬಾಯಿ ಮುಚ್ಚಿಸಬೇಕು?

ಭಕ್ತಿ ಬಿಡದೆ, ಬುದ್ಧಿಯನ್ನೂ ಬಿಡದೆ ಇಂಥ ಕಥೆಗಳನ್ನು ಓದಲು ಒಂದು ಕ್ರಮವಿದೆ. ಮನೆಯಲ್ಲಿ ಮಕ್ಕಳಿಗೆ ಕಥೆ ಹೇಳುವವರು, ಗಮಕ ವಾಚನ ಮುಗಿದ ಮೇಲೆ ಮಾತಿಗೆ ಕೂರುವವರು, ಶಾಲೆಯ ಮೇಷ್ಟ್ರು, ಮೇಡಂ, ಯಾರು ಬೇಕಾದರೂ ಬಳಸಬಹುದು. ಕೈಯಲ್ಲಿ ಮೂಲಕ್ಕೆ ಹತ್ತಿರವಾದ ಒಂದು ಕನ್ನಡ ಅನುವಾದ ಇರಲಿ. ಮಹಾಭಾರತವನ್ನು ಮೊದಲ ಸಲ ಹಿಡಿಯುವವರಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಒಳ್ಳೆಯ ಬಾಗಿಲು. ಆದರೆ ಅದು ಸಂಗ್ರಹ. ಒಂದು ಪ್ರಸಂಗವನ್ನು ತೂಗಿ ನೋಡಬೇಕಾದಾಗ ಪೂರ್ತಿ ಅನುವಾದವೇ ಬೇಕು. ಒಂದು ನೋಟ್‌ಬುಕ್ಕೂ ಇರಲಿ. ಒಬ್ಬರೇ ಓದುವುದಕ್ಕಿಂತ ಇಬ್ಬರು ಮೂವರು ಸೇರಿ ಓದುವುದು ವಾಸಿ.

ಹೆಜ್ಜೆ 1: ವ್ಯಕ್ತಿಯನ್ನು ಬಿಡಿ, ಒಂದು ಕೆಲಸವನ್ನು ಹಿಡಿಯಿರಿ

“ಕರ್ಣ ಒಳ್ಳೆಯವನಾ, ಕೆಟ್ಟವನಾ?” ಎಂದು ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಜಗಳ. ನಮ್ಮ ಕಡೆ ಕರ್ಣನ ಮೇಲೆ ಪ್ರೀತಿ ಜಾಸ್ತಿ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆ ಎಂದು ಪಂಪ 941ರಲ್ಲೇ ಹಾಡಿಬಿಟ್ಟಿದ್ದಾನೆ.

“ದ್ಯೂತದ ಸಭೆಯಲ್ಲಿ ಕರ್ಣ ದ್ರೌಪದಿಗೆ ಆಡಿದ ಮಾತು ಸರಿಯಾ?” ಎಂದು ಕೇಳಿ ನೋಡಿ. ಈಗ ಎಲ್ಲರಿಗೂ ಒಂದೇ ಕಡೆ ನೋಡಲು ಸಾಧ್ಯವಾಗುತ್ತದೆ. ಅಲ್ಲಿ ಕರ್ಣ ಅವಳನ್ನು ಸೂಳೆ ಎಂದ. ಬಟ್ಟೆ ಕಿತ್ತುಕೋ ಎಂದು ದುಶ್ಶಾಸನನಿಗೆ ಹೇಳಿದವನೂ ಅವನೇ. ಕವಚ ಕುಂಡಲ ಕೊಟ್ಟ ಕೈಯೂ ಅವನದೇ. ಮುಂದೆ ಉದ್ಯೋಗ ಪರ್ವದಲ್ಲಿ ಕೃಷ್ಣನ ಮುಂದೆ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟು ಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ ಎಂದು ಒಪ್ಪಿಕೊಂಡವನೂ ಅವನೇ. ಕೊಟ್ಟ ದಾನದಿಂದ ಆಡಿದ ಮಾತು ಅಳಿಯುವುದಿಲ್ಲ, ಆಡಿದ ಮಾತಿನಿಂದ ದಾನವೂ ಅಳಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ಯಾರು, ಯಾರಿಗೆ, ಏನು ಮಾಡಿದರು. “ದ್ರೌಪದಿಗೆ ಅವಮಾನ ಆಯಿತು” ಎಂದು ಬರೆಯಬೇಡಿ. ತಾನಾಗಿ ಆಗಲಿಲ್ಲ, ಮಾಡಿದವರಿದ್ದಾರೆ. ಧರ್ಮರಾಯ ಪಣಕ್ಕಿಟ್ಟ. ದುಶ್ಶಾಸನ ಎಳೆದು ತಂದ. ಭೀಷ್ಮ ಕೂತು ನೋಡಿದ. ಹೀಗೆ ಬರೆದ ಕೂಡಲೇ ಕಥೆ ಎಷ್ಟು ಸ್ಪಷ್ಟವಾಗುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಹೆಜ್ಜೆ 2: ಯಾವ ಕಥೆಯ ಮಾತು ಎಂದು ಖಚಿತ ಮಾಡಿಕೊಳ್ಳಿ

ನಮಗೆ ಗೊತ್ತಿರುವ ಪುರಾಣದಲ್ಲಿ ಅರ್ಧ ಟಿವಿಯಿಂದ, ನಾಟಕದಿಂದ, ಸಿನಿಮಾದಿಂದ ಬಂದದ್ದು. ಅದು ತಪ್ಪಲ್ಲ. ಆದರೆ ಒಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ಮೂಲದಲ್ಲಿ ಏನಿದೆ ಎಂದು ನೋಡಲೇಬೇಕು.

ದ್ರೌಪದಿ ದುರ್ಯೋಧನನನ್ನು “ಕುರುಡನ ಮಗ ಕುರುಡ” ಎಂದು ಆಡಿಕೊಂಡಳು, ಅದಕ್ಕೇ ಅವಳಿಗೆ ಹಾಗಾಯಿತು ಎನ್ನುವವರು ಎಷ್ಟು ಜನ! ವ್ಯಾಸರ ಸಭಾಪರ್ವದಲ್ಲಿ ಅವಳ ಬಾಯಲ್ಲಿ ಆ ಮಾತೇ ಇಲ್ಲ. ದುರ್ಯೋಧನ ನೀರಿಗೆ ಬಿದ್ದಾಗ ನಕ್ಕವರಲ್ಲಿ ಭೀಮ, ಅರ್ಜುನ, ನಕುಲ ಸಹದೇವರು ಇದ್ದಾರೆ. ದ್ರೌಪದಿಯೂ ನಕ್ಕಳು ಎಂದು ಆಮೇಲೆ ತಂದೆಯ ಹತ್ತಿರ ಹೇಳುವವನು ದುರ್ಯೋಧನ. ಆಡದ ಒಂದು ಮಾತಿಗೆ ಅವಳು ಇಷ್ಟು ಕಾಲ ಬೈಗುಳ ತಿಂದಳು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಅಹಲ್ಯೆಯ ಕಥೆಯೂ ಹೀಗೇ. ವಾಲ್ಮೀಕಿಯ ಬಾಲಕಾಂಡದಲ್ಲಿ ಬಂದವನು ವೇಷ ಹಾಕಿದ ಇಂದ್ರ ಎಂದು ಅವಳಿಗೆ ಗೊತ್ತಿತ್ತು. ಬೇರೆ ಕಡೆ ಅವಳು ಮೋಸ ಹೋದವಳು. ಬಾಲಕಾಂಡದಲ್ಲಿ ಅವಳು ಕಲ್ಲಾಗುವುದಿಲ್ಲ. ಗಾಳಿ ಕುಡಿದು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ಇರು ಎಂಬುದು ಶಾಪ. ಕಲ್ಲಾದದ್ದು ಬೇರೆ ಕಥೆಗಳಲ್ಲಿ. ಮೇಲುಕೋಟೆಯ ಕವಿ ಪುತಿನ ಇವಳನ್ನೇ ಹಿಡಿದು ‘ಅಹಲ್ಯೆ’ ಎಂಬ ಗೀತನಾಟಕ ಬರೆದರು. ಯಾವ ಅಹಲ್ಯೆ ಎಂದು ಗೊತ್ತು ಮಾಡಿಕೊಳ್ಳದೆ ತೀರ್ಪು ಕೊಟ್ಟರೆ ಅದು ಯಾರ ಮೇಲಿನ ತೀರ್ಪು?

ಹೆಜ್ಜೆ 3: ನೊಂದವರ ಮಾತನ್ನು ಮೊದಲು, ಗಟ್ಟಿಯಾಗಿ ಓದಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದೊಡ್ಡವನ ಸಮರ್ಥನೆ ಆಮೇಲೆ ಕೇಳೋಣ. ಏಟು ತಿಂದವರು ಏನು ಹೇಳಿದರು ಎಂಬುದು ಮೊದಲು.

ವಾಲಿಯನ್ನು ತೆಗೆದುಕೊಳ್ಳಿ. ಕಿಷ್ಕಿಂಧಾ ಕಾಂಡದ 17ನೇ ಸರ್ಗ ಪೂರ್ತಿ ರಾಮನ ಮೇಲೆ ಅವನ ಆರೋಪ. ನಾನು ಇನ್ನೊಬ್ಬನ ಜೊತೆ ಕಾದುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದೆಯಲ್ಲ ಎನ್ನುತ್ತಾನೆ. ನನ್ನ ಚರ್ಮ, ಮಾಂಸ ನಿನಗೆ ಉಪಯೋಗಕ್ಕೂ ಬರುವುದಿಲ್ಲ ಎನ್ನುತ್ತಾನೆ. ಸೀತೆ ಬೇಕಿದ್ದರೆ ನನಗೆ ಹೇಳಿದ್ದರೆ ನಾನೇ ರಾವಣನನ್ನು ಹಿಡಿದು ತರುತ್ತಿದ್ದೆ ಎನ್ನುತ್ತಾನೆ. ಸಾಯುತ್ತಿರುವವನಿಗೆ ಇಷ್ಟು ಮಾತಾಡಲು ವಾಲ್ಮೀಕಿ ಜಾಗ ಬಿಟ್ಟಿದ್ದಾರೆ. 18ನೇ ಸರ್ಗದಲ್ಲಿ ರಾಮನ ಉತ್ತರ. ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ, ಇದು ಭರತನ ಆಳ್ವಿಕೆಯ ನೆಲ, ಸುಗ್ರೀವನಿಗೆ ಮಾತು ಕೊಟ್ಟಿದ್ದೆ, ನೀನು ಮೃಗ, ಮೃಗವನ್ನು ಮರೆಯಿಂದ ಹೊಡೆಯಬಹುದು. ಎರಡನ್ನೂ ಒಂದಾದ ಮೇಲೆ ಒಂದು ಗಟ್ಟಿಯಾಗಿ ಓದಿ. ರುಮೆಯ ವಿಷಯದಲ್ಲಿ ರಾಮನ ಮಾತಿಗೆ ತೂಕವಿದೆ ಅನ್ನಿಸುತ್ತದೆ. ಆದರೆ ಮೃಗ ಎನ್ನುವುದಾದರೆ ಅದೇ ಮೃಗಕ್ಕೆ ಮನುಷ್ಯರ ಮದುವೆಯ ಧರ್ಮ ಹೇಗೆ ಅನ್ವಯಿಸುತ್ತದೆ? ಈ ಪ್ರಶ್ನೆ ಕೇಳಿದ್ದಕ್ಕೆ ರಾಮ ಸಣ್ಣವನಾಗುವುದಿಲ್ಲ.

ಸೀತೆಯೂ ಸುಮ್ಮನಿರಲಿಲ್ಲ. ಯುದ್ಧಕಾಂಡದಲ್ಲಿ ರಾಮ ಎಲ್ಲರೆದುರು ಅವಳನ್ನು ಬೇಡ ಎಂದಾಗ, ಸಾಮಾನ್ಯ ಗಂಡಸು ಸಾಮಾನ್ಯ ಹೆಂಗಸಿಗೆ ಆಡುವಂಥ ಮಾತನ್ನು ನನಗೆ ಯಾಕೆ ಆಡುತ್ತೀಯ ಎಂದು ಕೇಳುತ್ತಾಳೆ. ಬೆಂಕಿಗೆ ಇಳಿದದ್ದು ಆಮೇಲೆ. ನಾವು ಬೆಂಕಿಯ ಚಿತ್ರ ಮಾತ್ರ ಇಟ್ಟುಕೊಂಡು ಈ ಮಾತನ್ನು ಬಿಟ್ಟುಬಿಟ್ಟಿದ್ದೇವೆ.

ದ್ರೌಪದಿ ಕೇಳಿದ್ದು ಕಾನೂನಿನ ಪ್ರಶ್ನೆ: ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬಳನ್ನು ಪಣಕ್ಕಿಡುವ ಹಕ್ಕೆಲ್ಲಿ? ಭೀಷ್ಮ ಧರ್ಮ ಸೂಕ್ಷ್ಮ, ಸರಿಯಾಗಿ ಉತ್ತರ ಹೇಳಲಾರೆ ಎಂದ. ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ನಿಂತು ಅವಳು ಸೋತಿಲ್ಲ ಎಂದ. ವಿದುರನೂ ಎದುರು ಮಾತಾಡಿದ.

“ಆ ಕಾಲ ಹಾಗಿತ್ತು” ಎನ್ನುವವರಿಗೆ ಕೊಡಬೇಕಾದ ಉತ್ತರ ಈ ವಿಕರ್ಣ. ಯಾವ ಪ್ರಸಂಗಕ್ಕೇ ಆಗಲಿ, ಆ ಕಾಲದವರೇ ಯಾರಾದರೂ ಬೇಡ ಎಂದಿದ್ದಾರಾ ಎಂದು ಹುಡುಕಿ. ಒಬ್ಬರು ಸಿಕ್ಕಿದರೂ ಸಾಕು. ಕಾಲದ ನೆಪ ಅಲ್ಲಿಗೆ ಬಿದ್ದುಹೋಗುತ್ತದೆ.

ಹೆಜ್ಜೆ 4: ಗ್ರಂಥವೇ ಲೆಕ್ಕ ಇಟ್ಟಿದೆಯಾ ನೋಡಿ

ಪುರಾಣ ಓದುವವರು ಇಲ್ಲಿ ಜಾಸ್ತಿ ಎಡವುತ್ತಾರೆ. ತಪ್ಪು ನಡೆದ ಅಧ್ಯಾಯದಲ್ಲೇ ಶಿಕ್ಷೆ ಹುಡುಕುತ್ತಾರೆ. ಲೆಕ್ಕ ಎಷ್ಟೋ ಪರ್ವಗಳ ಆಚೆ ಇರುತ್ತದೆ.

ಅಶ್ವತ್ಥಾಮ ಎಂಬ ಆನೆಯನ್ನು ಭೀಮ ಕೊಂದ. ಅಶ್ವತ್ಥಾಮ ಸತ್ತ ಎಂದು ಧರ್ಮರಾಯ ದ್ರೋಣನಿಗೆ ಕೇಳುವಂತೆ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಗೊಣಗಿದ. ಅಲ್ಲಿಯತನಕ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ತಾಗಿತು. ಇದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಮುಂದಿನದು. ದ್ರೋಣ ಸತ್ತ ಮೇಲೆ ಅರ್ಜುನ ಅಣ್ಣನನ್ನು ಬಿಡದೆ ಹಂಗಿಸುತ್ತಾನೆ: ವಾಲಿಯನ್ನು ಕೊಂದು ರಾಮನಿಗೆ ಬಂದಂಥ ಅಪಕೀರ್ತಿ ನಿನಗೂ ಬಹುಕಾಲ ಉಳಿಯುತ್ತದೆ ಎಂದು. ನೋಡಿ, ಮಹಾಭಾರತದ ಒಳಗೇ ರಾಮಾಯಣದ ಮೇಲೆ ಒಂದು ವಿಮರ್ಶೆ ಕೂತಿದೆ. ವಾಲಿವಧೆಯನ್ನು ಪ್ರಶ್ನಿಸುವುದು ಈಗಿನವರ ಹುಚ್ಚು ಎಂದು ಯಾರಾದರೂ ಅಂದರೆ ಅರ್ಜುನನ ಈ ಮಾತನ್ನು ತೋರಿಸಿ. ಕೊನೆಗೆ ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯನಿಗೆ ನರಕದ ದರ್ಶನವಾಗುತ್ತದೆ. ದ್ರೋಣನಿಗೆ ನೆಪದಿಂದ ಮೋಸ ಮಾಡಿದೆ, ಆದ್ದರಿಂದ ನಿನಗೂ ನೆಪದಿಂದ ನರಕ ತೋರಿಸಿದೆ ಎಂದು ಇಂದ್ರ ಬಿಡಿಸಿ ಹೇಳುತ್ತಾನೆ.

ಧರ್ಮದೇವತೆಯನ್ನೂ ಈ ಗ್ರಂಥ ಬಿಟ್ಟಿಲ್ಲ. ತಪ್ಪು ಮಾಡದ ಮಾಂಡವ್ಯ ಋಷಿಯನ್ನು ಶೂಲಕ್ಕೇರಿಸಿದರು. ಯಾಕೆ ಎಂದು ಅವನು ಯಮಧರ್ಮನನ್ನು ಕೇಳಿದ. ನೀನು ಚಿಕ್ಕಂದಿನಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬಂತು. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಮಾಂಡವ್ಯ ಧರ್ಮನಿಗೇ ಶಾಪ ಕೊಟ್ಟ. 14 ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ ಎಂದು ಕಟ್ಟಳೆಯನ್ನೂ ಹಾಕಿದ. ಆ ಶಾಪದಿಂದ ಧರ್ಮನೇ ವಿದುರನಾಗಿ ಹುಟ್ಟಿದ. ಮಕ್ಕಳಿಗೆ ಈ ಕಥೆ ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಬೈಬಲಿನಲ್ಲೂ ಇದೇ ಕ್ರಮ ಕೆಲಸ ಮಾಡುತ್ತದೆ. ದಾವೀದ ರಾಜ ಬತ್ಷೆಬೆಯನ್ನು ಕರೆಸಿಕೊಂಡ. ಅವಳ ಗಂಡ ಊರೀಯನನ್ನು ಯುದ್ಧದ ಮುಂದಿನ ಸಾಲಿಗೆ ಹಾಕಿಸಿ ಸಾಯಿಸಿದ. ಸಮುವೇಲನ ಎರಡನೇ ಪುಸ್ತಕದಲ್ಲಿ ಪ್ರವಾದಿ ನಾತಾನ ಅರಮನೆಗೇ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳುತ್ತಾನೆ. ದಾವೀದನಿಗೆ ಸಿಟ್ಟು ಬಂದು ಅಂಥವನು ಸಾಯಬೇಕು ಎಂದಾಗ, ಆ ಮನುಷ್ಯ ನೀನೇ ಎನ್ನುತ್ತಾನೆ. ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲೂ ಅವಳನ್ನು ‘ಊರೀಯನ ಹೆಂಡತಿ’ ಎಂದೇ ಬರೆದಿದೆ. ಕೊಲೆಯಾದವನ ಹೆಸರು ಅಲ್ಲಿ ಹಾಗೇ ನಿಂತಿದೆ.

ಹೆಜ್ಜೆ 5: ಗ್ರಂಥ ಸುಮ್ಮನಿದ್ದರೆ ಅಲ್ಲಿ ನಿಲ್ಲಿ

ಇಲ್ಲಿಂದ ಮುಂದೆ ಕಷ್ಟ. ಪಾಂಡವಪುರದ ಪಕ್ಕದ ಕುಂತಿಬೆಟ್ಟವನ್ನು ನೋಡಿದ್ದೀರಲ್ಲ? ಪಾಂಡವರು ತಾಯಿ ಕುಂತಿಯ ಜೊತೆ ಇಲ್ಲಿ ಇದ್ದರು ಎಂಬುದು ಸುತ್ತಲಿನವರ ನಂಬಿಕೆ. ಅರಗಿನ ಮನೆಯಿಂದ ತಪ್ಪಿಸಿಕೊಂಡು ಅಲೆಯುತ್ತಿದ್ದ ಆ ಕುಟುಂಬದ ಮೇಲೆ ನಮಗೆಲ್ಲ ಮರುಕ. ಆದರೆ ಅರಗಿನ ಮನೆಯಲ್ಲಿ ಸತ್ತವರು ಯಾರು ಎಂದು ಎಷ್ಟು ಜನ ಕೇಳಿದ್ದೇವೆ?

ಆದಿಪರ್ವ ಹೇಳುವುದು ಇಷ್ಟು. ದುರ್ಯೋಧನನ ಕಡೆಯವನಾದ ಪುರೋಚನ ಮನೆಗೆ ಬೆಂಕಿ ಇಡಲು ಕಾಯುತ್ತಿದ್ದ. ವಿದುರ ಕಳಿಸಿದವನೊಬ್ಬ ಗುಟ್ಟಾಗಿ ಸುರಂಗ ತೋಡಿದ್ದ. ಹೊರಡುವ ಸಮಯ ಬಂತು ಎನ್ನಿಸಿದಾಗ ಧರ್ಮರಾಯ ತಮ್ಮಂದಿರಿಗೆ ಹೇಳುವ ಮಾತನ್ನು ನಿಧಾನವಾಗಿ ಓದಿ: ಪುರೋಚನನನ್ನು ಸುಟ್ಟು, ಇಲ್ಲಿ ಆರು ಜೀವಗಳನ್ನು ಇಟ್ಟು, ಯಾರಿಗೂ ಗೊತ್ತಾಗದಂತೆ ಓಡೋಣ. ಆರು. ತಾಯಿ ಮತ್ತು ಐದು ಮಕ್ಕಳ ಲೆಕ್ಕಕ್ಕೆ ಸರಿಯಾಗಿ. ಆಮೇಲೆ ಕುಂತಿ ಊಟ ಹಾಕಿಸುತ್ತಾಳೆ. ಅನ್ನಕ್ಕಾಗಿ ಒಬ್ಬ ನಿಷಾದ, ಅಂದರೆ ಬೇಡರ, ಹೆಂಗಸು ಐದು ಗಂಡುಮಕ್ಕಳ ಜೊತೆ ಬರುತ್ತಾಳೆ. ಕಾಲವೇ ಅವಳನ್ನು ತಂದಿತು ಎನ್ನುತ್ತದೆ ಗ್ರಂಥ. ಉಂಡು, ಕುಡಿದು, ಮೈಮರೆತು ಅಲ್ಲೇ ಮಲಗುತ್ತಾರೆ. ರಾತ್ರಿ ಭೀಮ ಬೆಂಕಿ ಇಡುತ್ತಾನೆ. ಬೆಳಿಗ್ಗೆ ಊರವರು ಆ ಆರು ಹೆಣಗಳನ್ನು ನೋಡಿ ಪಾಂಡವರೇ ಸತ್ತರು ಎಂದು ಅಳುತ್ತಾರೆ. ಆ ತಾಯಿಗಾಗಿ ಯಾರೂ ಅಳುವುದಿಲ್ಲ. ಅವಳಿಗೆ ಹೆಸರೂ ಇಲ್ಲ.

ಧರ್ಮರಾಯನ ಮಾತಿಗೂ, ಕಾಲವೇ ತಂದಿತು ಎಂಬ ಮಾತಿಗೂ ನಡುವೆ ಒಂದು ಬಿರುಕಿದೆ. ಅದನ್ನು ಮುಚ್ಚಲು ಹೋಗಬೇಡಿ. ಇಲ್ಲಿ ಮಾಡಬೇಕಾದ್ದು ಮೂರು. ಮೊದಲು, ಗ್ರಂಥ ಸುಮ್ಮನಿದೆ ಎಂದು ಬಾಯಿಬಿಟ್ಟು ಹೇಳಿ. ಎರಡನೆಯದು, ಸತ್ತವರ ಕಡೆಯಿಂದ ಕಥೆಯನ್ನು ಒಮ್ಮೆ ಹೇಳಿ ನೋಡಿ: ಹಸಿವಾಗಿತ್ತು, ದೊಡ್ಡವರ ಮನೆ ಊಟ ಎಂದು ಬಂದೆವು. ಮೂರನೆಯದು, ಇದೇ ಗ್ರಂಥದಲ್ಲಿ ಇದೇ ಜನ ಬೇರೆಲ್ಲಿ ಬರುತ್ತಾರೆ ಎಂದು ಹುಡುಕಿ. ಏಕಲವ್ಯನೂ ನಿಷಾದ. ದ್ರೋಣ ಅವನ ಬಲಗೈ ಹೆಬ್ಬೆರಳು ಕೇಳಿದ್ದು ಅರ್ಜುನನಿಗೆ ಕೊಟ್ಟ ಮಾತು ಉಳಿಸಲು. ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟರೆ, ಯಾರ ಜೀವ ಅಗ್ಗವಾಗಿತ್ತು ಎಂಬುದು ಕಾಣುತ್ತದೆ.

ಹಾಗಾದರೆ ಕುಂತಿಬೆಟ್ಟಕ್ಕೆ ಹೋಗಿ ಕೈಮುಗಿಯಬಾರದಾ? ಮುಗಿಯಬಹುದು. ಮಕ್ಕಳನ್ನು ಬೆಂಕಿಯಿಂದ ಪಾರು ಮಾಡಿದ ತಾಯಿಗೆ, ಯುದ್ಧ ಮುಗಿದ ಮೇಲೆ ಕರ್ಣ ನಿಮ್ಮ ಅಣ್ಣ ಎಂದು ಬಾಯಿಬಿಟ್ಟು ಹೇಳಿದ ತಾಯಿಗೆ ಮುಗಿಯಿರಿ. ಇನ್ನೊಬ್ಬ ತಾಯಿಯೂ ಆ ರಾತ್ರಿ ಅಲ್ಲಿದ್ದಳು ಎಂದು ಮಕ್ಕಳಿಗೆ ಹೇಳಿ.

ಹೆಜ್ಜೆ 6: ಗ್ರಂಥವೇ ತಪ್ಪನ್ನು ಮೆಚ್ಚಿದಾಗ

ಉತ್ತರಕಾಂಡದ ಶಂಬೂಕ. ಬ್ರಾಹ್ಮಣನೊಬ್ಬನ ಮಗು ಸತ್ತಿತು. ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಕಾರಣ ಎಂದು ನಾರದ ಹೇಳಿದ. ರಾಮ ಹುಡುಕಿಕೊಂಡು ಹೋಗಿ, ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವನನ್ನು ನೀನು ಯಾರು ಎಂದು ಕೇಳಿದ. ಅವನು ನಿಜ ಹೇಳಿದ. ರಾಮ ತಲೆ ಕಡಿದ. ದೇವತೆಗಳು ಹೂಮಳೆ ಸುರಿಸಿದರು.

ಇಲ್ಲಿ ವಾಲಿಗೆ ಸಿಕ್ಕ ಹಾಗೆ ಮಾತಾಡಲು ಒಂದು ಸರ್ಗ ಇಲ್ಲ. ಪಶ್ಚಾತ್ತಾಪವೂ ಇಲ್ಲ. ಉತ್ತರಕಾಂಡ ಆಮೇಲೆ ಸೇರಿದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದು ತಿಳಿದಿರಬೇಕಾದ ವಿಷಯವೇ. ಆದರೆ ಅಷ್ಟು ಹೇಳಿ ಎದ್ದು ಹೋಗುವುದು ಸರಿಯಲ್ಲ. ಜನ ಇದನ್ನು ರಾಮಾಯಣ ಎಂದೇ ಕೇಳಿಕೊಂಡು ಬಂದಿದ್ದಾರೆ, ಕೆಲವರು ಇದರಿಂದ ನೊಂದೂ ಇದ್ದಾರೆ. ಇಂಥಲ್ಲಿ ಓದುಗ ತಾನೇ ಬಾಯಿ ತೆರೆದು “ಇದು ಅನ್ಯಾಯ” ಎನ್ನಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಾಗೆ ಅಂದವರು ನಮ್ಮ ಭಾಷೆಯಲ್ಲೇ ಇದ್ದಾರೆ. ಮೈಸೂರಿನಲ್ಲಿ ಬಾಳಿದ ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕ ಬರೆದರು. ಅಲ್ಲಿ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲುವುದಿಲ್ಲ. ದೂರು ತಂದ ಬ್ರಾಹ್ಮಣನೇ ಕೊನೆಗೆ ತಪಸ್ವಿಗೆ ತಲೆಬಾಗುತ್ತಾನೆ. ಅವರ ರಾಮಾಯಣದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿ ಹೊಗುತ್ತಾನೆ. ಕುವೆಂಪು ರಾಮನನ್ನು ಬಿಟ್ಟುಕೊಡಲಿಲ್ಲ, ಅನ್ಯಾಯವನ್ನೂ ಒಪ್ಪಲಿಲ್ಲ. ಅದಕ್ಕೂ ಎಂಟು ನೂರು ವರ್ಷಗಳಷ್ಟು ಹಿಂದೆ ಕವಿ ನಾಗಚಂದ್ರ ತನ್ನ ರಾಮಾಯಣದಲ್ಲಿ ರಾವಣನ ವಿಷಯದಲ್ಲಿ ಇಂಥದ್ದೇ ಕೆಲಸ ಮಾಡಿದ್ದ. ಅವನ ರಾವಣ ಸೀತೆಯ ಸ್ಥಿತಿ ನೋಡಿ ಪಶ್ಚಾತ್ತಾಪ ಪಡುತ್ತಾನೆ. ಹಳೆಯ ಕಥೆಯನ್ನು ಮತ್ತೆ ತೂಗಿ ನೋಡುವುದು ಕನ್ನಡ ಕಾವ್ಯದಲ್ಲಿ ಹಳೆಯ ಅಭ್ಯಾಸ.

ಹೆಜ್ಜೆ 7: ಅಡ್ಡದಾರಿ ಹಿಡಿಯಬೇಡಿ

“ಎಲ್ಲಾ ದೇವರ ಲೀಲೆ”, “ಹಿಂದಿನ ಜನ್ಮದ ಶಾಪ”. ಇವು ನಂಬಿಕೆಯ ಮಾತುಗಳು, ನಾನು ಅಲ್ಲಗಳೆಯುವುದಿಲ್ಲ. ಆದರೆ ನೊಂದವರ ಮಾತನ್ನು ಕೇಳುವ ಮೊದಲೇ ಅವನ್ನು ಹೇಳಿದರೆ ಬಾಯಿ ಮುಚ್ಚಿಸಿದ ಹಾಗೆ. “ಎಲ್ಲಾ ಸುಳ್ಳು ಕಥೆ, ಎಸೆಯಿರಿ” ಎನ್ನುವವರದೂ ಅದೇ ಅವಸರ. ಪುಸ್ತಕ ಎಸೆದರೆ ದ್ರೌಪದಿಯ ಪ್ರಶ್ನೆಯೂ ಅದರ ಜೊತೆಗೇ ಹೋಗುತ್ತದೆ.

ಹೆಜ್ಜೆ 8: ಮನೆಯಲ್ಲಿ, ಗುಂಪಿನಲ್ಲಿ ಮಾತಾಡುವಾಗ

ಪುಟ್ಟ ಮಕ್ಕಳಿಗೆ ಇಷ್ಟೇ ಸಾಕು: “ಧರ್ಮರಾಯ ಅವತ್ತು ತಪ್ಪು ಮಾಡಿದ ಕಂದ. ಅದರಿಂದ ಎಲ್ಲರಿಗೂ ತುಂಬಾ ಕಷ್ಟ ಆಯ್ತು.” ಮಗು ಇದನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳಲಾಗದ್ದು, ದೊಡ್ಡವರು ಮಾಡಿದ್ದೆಲ್ಲ ಸರಿ ಎಂಬ ಪಾಠ. ಹೈಸ್ಕೂಲು ಮಕ್ಕಳಿಗೆ ವಾಲಿ ಮತ್ತು ರಾಮನ ಮಾತುಗಳನ್ನು ಎರಡು ಗುಂಪು ಮಾಡಿ ಓದಿಸಿ. ಆಮೇಲೆ ಗುಂಪು ಅದಲು ಬದಲು ಮಾಡಿ ಮತ್ತೆ ಓದಿಸಿ. ಅದಲು ಬದಲು ಮಾಡುವುದನ್ನು ಬಿಡಬೇಡಿ, ನಿಜವಾದ ಪಾಠ ಅಲ್ಲೇ ಇದೆ.

ಮನೆಯ ಹಿರಿಯರು ನೊಂದುಕೊಳ್ಳಬಹುದು. ನಿತ್ಯ ಪೂಜೆ ಮಾಡುವ ಹೆಸರನ್ನು ಪ್ರಶ್ನೆ ಮಾಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ವಾದಕ್ಕೆ ಇಳಿಯಬೇಡಿ. “ಅಜ್ಜಿ, ನೀವೇ ಹೇಳಿ, ಸೀತಮ್ಮನಿಗೆ ಆಗ ಹೇಗನ್ನಿಸಿರಬಹುದು?” ಎಂದು ಕೇಳಿ. ಸೀತೆಯ ನೋವು ಮನೆಯ ಹೆಂಗಸರಿಗೆ ಯಾವ ಪಂಡಿತರಿಗಿಂತಲೂ ಚೆನ್ನಾಗಿ ಗೊತ್ತು. ಹಾಡಿನಲ್ಲಿ, ಕಥೆಯಲ್ಲಿ ಅವರು ಅದನ್ನು ಹೇಳಿಕೊಂಡೇ ಬಂದಿದ್ದಾರೆ.

ಬೇರೆ ಧರ್ಮದ ಗೆಳೆಯರ ಜೊತೆ ಕೂತಾಗ ಅವರ ಓದಿನ ಕಟ್ಟಳೆಯನ್ನು ಮೊದಲು ತಿಳಿದುಕೊಳ್ಳಿ. ಬೈಬಲಿನ ದಾವೀದ ಪಾಪ ಮಾಡಿದ ರಾಜ. ಮುಸ್ಲಿಮರಿಗೆ ದಾವೂದ್ ಒಬ್ಬ ಪ್ರವಾದಿ, ಪ್ರವಾದಿಗಳನ್ನು ದೇವರು ಅಂಥ ಪಾಪಗಳಿಂದ ಕಾಯುತ್ತಾನೆ ಎಂಬುದು ಅವರ ನಂಬಿಕೆ. ಒಬ್ಬರ ಕಥೆಯನ್ನು ಇನ್ನೊಬ್ಬರ ಮೇಲೆ ಹೇರಿದರೆ ಮಾತು ಅಲ್ಲೇ ಮುರಿಯುತ್ತದೆ. ನಿಮ್ಮ ಗ್ರಂಥದ ಕಷ್ಟದ ಪ್ರಸಂಗವನ್ನು ನೀವು ಮೊದಲು ಮೇಜಿನ ಮೇಲಿಡಿ. ಅವರದನ್ನು ಅವರೇ ತರಲಿ.

ಗುಂಪಿನಲ್ಲಿ ಓದುವವರು ಒಂದು ಸಲಕ್ಕೆ ಒಂದೇ ಪ್ರಸಂಗ ಇಟ್ಟುಕೊಳ್ಳಿ. ಅರ್ಧ ಹೊತ್ತು ಓದಿಗೆ, ಅರ್ಧ ಹೊತ್ತು ಮಾತಿಗೆ. ವಿಕರ್ಣನಿಂದ ಶುರು ಮಾಡುವುದು ಸುಲಭ, ಯಾಕೆಂದರೆ ಅಲ್ಲಿ ಗ್ರಂಥವೇ ನಮ್ಮ ಜೊತೆ ಇದೆ. ಆಮೇಲೆ ವಾಲಿ, ಆಮೇಲೆ ದ್ರೋಣನ ಸಾವು. ಏಕಲವ್ಯ, ಅರಗಿನ ಮನೆ ಅದರ ನಂತರ. ಶಂಬೂಕನನ್ನು ಓದುವ ದಿನ, ಆ ಕಥೆಯಿಂದ ನೊಂದ ಮನೆಯವರು ಗುಂಪಿನಲ್ಲಿದ್ದರೆ ಮೊದಲ ಮಾತು ಅವರದಾಗಲಿ. ಅವರಿಗೆ ಮಾತಾಡುವ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ, ಓದನ್ನು ಮುಂದುವರಿಸಿ.